ಶಾಲೆ ಮುಂದಿನ ರಸ್ತೆ: ಹಂಪ್, ಫಲಕ, ಜೀಬ್ರಾ ಪಟ್ಟಿ. ಅಳತೆ ಯಾವುದು, ಯಾವುದು ಮೊದಲು?

ಶಾಲಾ ಸಮಿತಿ (ಪ್ರಶ್ನೆ; ಮುಂದಿನ ಪ್ರತಿ ಉತ್ತರದ ಮೇಲೆ ಬರೆದವರ ಅಡ್ಡಹೆಸರಿದೆ)

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟು ನೇರವಾಗಿ ಜಿಲ್ಲಾ ಮುಖ್ಯ ರಸ್ತೆಗೆ ತೆರೆಯುತ್ತದೆ. ಡಾಂಬರು ಅಗಲ 7 ಮೀಟರ್, ಎರಡೂ ಕಡೆ ಮಣ್ಣಿನ ಅಂಚು, ಫುಟ್‌ಪಾತ್ ಇಲ್ಲ. ಬಸ್, ಕಬ್ಬಿನ ಟ್ರಾಕ್ಟರ್, ಬೈಕ್ ಎಲ್ಲ ಓಡಾಡುತ್ತವೆ. ಒಂದು ಕಡೆಯಿಂದ ರಸ್ತೆ ನೇರ, ಇನ್ನೊಂದು ಕಡೆ ಸುಮಾರು 150 ಮೀಟರ್ ದೂರದಲ್ಲಿ ತಿರುವು.

ಗೇಟಿನ ಮುಂದೆ ಯಾವಾಗಲೋ ಹಾಕಿದ ಒಂದು ಹಂಪ್ ಇದೆ. ಅಗಲ ಎರಡು ಅಡಿಯೂ ಇಲ್ಲ, ಎತ್ತರ ಮಾತ್ರ ಅರ್ಧ ಅಡಿ ಹತ್ತಿರ. ಬಣ್ಣವಿಲ್ಲ, ಬೋರ್ಡ್ ಇಲ್ಲ. ರಾತ್ರಿ ಬೈಕಿನವರು ಬೀಳುತ್ತಿದ್ದಾರೆ. ಇನ್ನೊಂದು ಹಂಪ್ ಹಾಕಿಸಿ, ಸೋಲಾರ್ ಕೆಂಪು ದೀಪ ಇಡಿಸೋಣ ಎಂದು ಸಮಿತಿಯಲ್ಲಿ ಮಾತಾಗಿದೆ. ದಾನಿಗಳು ಸಿಕ್ಕಿದ್ದಾರೆ. ಕೇಳಬೇಕಾದ್ದು ಇಷ್ಟು: ಸರಿಯಾದ ಅಳತೆಗಳೇನು? ನಾವೇ ಮಾಡಿಸಬಹುದೇ? ಬೋರ್ಡ್ ಅಂಗಡಿಯವರಿಗೆ ಏನು ಬರೆದುಕೊಡಬೇಕು?

ಡಾಂಬರು ಮಟ್ಟ

ಮೇಡಂ, ಮೊದಲು ರಸ್ತೆ ಯಾರದು ಎನ್ನುವುದು ಇತ್ಯರ್ಥವಾಗಲಿ. ಜಿಲ್ಲಾ ಮುಖ್ಯ ರಸ್ತೆ ಎಂದರೆ ಲೋಕೋಪಯೋಗಿ ಇಲಾಖೆಯದು. ಗ್ರಾಮ ರಸ್ತೆಯಾಗಿದ್ದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಕಡೆ ಹೋಗಬೇಕಿತ್ತು. ನಿಮ್ಮ ಅರ್ಜಿ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಹೆಸರಿಗೆ ಇರಲಿ, ಒಂದು ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ದಾನಿಗಳ ದುಡ್ಡಾದರೂ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಡಾಂಬರಿನ ಮೇಲೆ ಏನನ್ನೂ ಹಾಕಬೇಡಿ. ಅಲ್ಲಿ ಯಾರಾದರೂ ಬಿದ್ದರೆ ಹೊಣೆ ಹಾಕಿಸಿದವರ ತಲೆಗೇ ಬರುತ್ತದೆ.

ಈಗ ಹಂಪ್ ವಿಚಾರ. ನೀವು ಹೇಳಿದ ಎರಡಡಿ ಅಗಲ, ಅರ್ಧ ಅಡಿ ಎತ್ತರದ್ದು ಹಂಪೇ ಅಲ್ಲ, ರಸ್ತೆಗೆ ಅಡ್ಡ ಕಟ್ಟಿದ ಬದು. ಕಾರಿನ ಮುಂದಿನ ಚಕ್ರ ಹತ್ತಿ ಇಳಿಯುವುದರೊಳಗೆ ಹೊಟ್ಟೆ ತಾಗುತ್ತದೆ, ಬೈಕಿನ ಹ್ಯಾಂಡಲ್ ಕೈತಪ್ಪುತ್ತದೆ. ಇನ್ನೂ ಒಂದು ವಿಚಿತ್ರವಿದೆ: ಇಂಥ ಕಿರಿದಾದ ಉಬ್ಬನ್ನು ದೊಡ್ಡ ವಾಹನ ವೇಗವಾಗಿ ದಾಟಿದರೆ ಹೊಡೆತವನ್ನು ಟೈರು, ಸ್ಪ್ರಿಂಗ್ ನುಂಗಿಬಿಡುತ್ತವೆ, ಒಳಗೆ ಕೂತವರಿಗೆ ಕಮ್ಮಿ ತಿಳಿಯುತ್ತದೆ. ಅಂದರೆ ನಿಧಾನ ಮಾಡಿದವನಿಗೇ ಶಿಕ್ಷೆ.

ರಸ್ತೆ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐ.ಆರ್.ಸಿ.) ಹಂಪುಗಳ ಸಂಹಿತೆ ಐ.ಆರ್.ಸಿ. 99 ರಲ್ಲಿ ಮೊದಲಿನಿಂದಲೂ ಇರುವ ದುಂಡು ಹಂಪಿನ ಅಳತೆ ಇದು: 17 ಮೀಟರ್ ತ್ರಿಜ್ಯದ ಕಮಾನು, ರಸ್ತೆಯುದ್ದಕ್ಕೆ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ತೊಂದರೆಯಿಲ್ಲದೆ ದಾಟುವುದಕ್ಕೆ ಈ ಆಕಾರ. 17 ಮೀಟರ್ ತ್ರಿಜ್ಯವನ್ನು ಸ್ಥಳದಲ್ಲಿ ದಾರ ಹಿಡಿದು ಗುರುತಿಸಲು ಆಗದು, ಆದ್ದರಿಂದ ಪ್ಲೈವುಡ್‌ನಲ್ಲಿ ಅಚ್ಚು ಕತ್ತರಿಸಿಕೊಳ್ಳಿ. ನಡುವಿನಿಂದ ಅಳೆದಾಗ ಎತ್ತರ ಹೀಗೆ ಬರಬೇಕು: ನಡುವೆ 100 ಮಿ.ಮೀ., ಅರ್ಧ ಮೀಟರ್ ಆಚೆ 93, ಒಂದು ಮೀಟರಿಗೆ 71, ಒಂದೂವರೆಗೆ 34, 1.85 ಮೀಟರಿಗೆ ಸೊನ್ನೆ. ಇಕ್ಕೆಲಕ್ಕೂ ಇದೇ ಲೆಕ್ಕ. ರೋಲರ್ ಓಡಿದ ಮೇಲೆ ಅಚ್ಚನ್ನು ಮೂರು ಕಡೆ ಇಟ್ಟು ನೋಡಿ. ರೋಲರ್ ನಡುವನ್ನು ಚಪ್ಪಟೆ ಮಾಡುವುದೇ ಸಾಮಾನ್ಯ ತಪ್ಪು.

ಬಸ್, ಲಾರಿ ಹೆಚ್ಚಿರುವಲ್ಲಿ ಎರಡೂ ಅಂಚಿಗೆ 1.5 ಮೀಟರ್ ಉದ್ದದ, 20ಕ್ಕೆ 1ರ ಇಳಿಜಾರು ಸೇರಿಸಲು ಅದೇ ಸಂಹಿತೆಯಲ್ಲಿ ಅವಕಾಶವಿದೆ. ನಿಮ್ಮಲ್ಲಿ ಕಬ್ಬಿನ ಟ್ರಾಕ್ಟರ್ ಇರುವುದರಿಂದ ಅದನ್ನು ಕೇಳಿ.

ಮಾಲಿನ ಲೆಕ್ಕ: ಕಮಾನಿನ ಅಡ್ಡಕೊಯ್ತ ಸುಮಾರು 0.25 ಚದರ ಮೀಟರ್, 7 ಮೀಟರ್ ಉದ್ದಕ್ಕೆ 1.7 ಘನ ಮೀಟರ್ ಚಿಲ್ಲರೆ, ತೂಕದಲ್ಲಿ 4 ಟನ್ ಹತ್ತಿರ ಬಿಸಿ ಡಾಂಬರು ಮಿಶ್ರಣ. ಎರಡು ಬಾಣಲೆ ಜಲ್ಲಿ, ಒಂದು ಡಬ್ಬ ಡಾಂಬರಿನಲ್ಲಿ ಮುಗಿಸುತ್ತೇನೆ ಎನ್ನುವವರು ಮತ್ತದೇ ಬದು ಕಟ್ಟಿಕೊಡುತ್ತಾರೆ.

ಹಳೆಯದರ ಮೇಲೆಯೇ ಹೊಸದನ್ನು ಸುರಿಯಬಾರದು. ಹಳೆಯದನ್ನು ರಸ್ತೆ ಮಟ್ಟಕ್ಕೆ ಕೆತ್ತಿ ತೆಗೆಯಬೇಕು. ಹೊಸ ಹಂಪಿನ ಎರಡೂ ಅಂಚಿನಲ್ಲಿ ರಸ್ತೆಗೆ ಅಡ್ಡಲಾಗಿ 4 ಸೆಂ.ಮೀ. ಆಳದ ತೋಡು ಕೊರೆದು, ಧೂಳು ಊದಿ, ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ತೆಳು ಡಾಂಬರು) ಹೊಡೆದು ಆಮೇಲೆ ಮಿಶ್ರಣ ಹಾಕಬೇಕು. ತೋಡು ಇಲ್ಲದಿದ್ದರೆ ಅಂಚು ಕಾಗದದಷ್ಟು ತೆಳುವಾಗಿ ಮುಗಿಯುತ್ತದೆ, ಜಲ್ಲಿ ಒಂದೊಂದಾಗಿ ಎದ್ದು ಮೊದಲ ಮಳೆಗೇ ಗುಂಡಿ. ಇನ್ನೊಂದು, ಹಂಪ್ ಡಾಂಬರಿನ ಅಂಚಿಗೇ ನಿಂತರೆ ಬೈಕುಗಳೆಲ್ಲ ಮಣ್ಣಿನ ಅಂಚಿಗಿಳಿದು ಸುತ್ತಿಕೊಂಡು ಹೋಗುತ್ತವೆ. ಮಕ್ಕಳು ನಡೆಯುವ ಜಾಗವೇ ಅದು. ಅಂಚನ್ನೂ ಮುಚ್ಚಿ, ನೀರು ಹೋಗಲು ಕೆಳಗೆ ಪೈಪ್ ಕೊಡಿ.

ಫಲಕ ಕಂಬ

ಹಂಪ್ ಬಗ್ಗೆ ಮೇಲಿನವರು ಹೇಳಿದ್ದು ಸರಿ, ಆದರೆ ಕ್ರಮ ತಿರುಗಾಮುರುಗಾ ಆಗಬೇಕು. ಹಂಪ್ ಕೊನೆಗೆ. ಮೊದಲು ಎಚ್ಚರಿಕೆ.

ಲೆಕ್ಕ ನೋಡಿ. ಇಂಥ ರಸ್ತೆಯಲ್ಲಿ ಕಾರಿಗೆ ಗಂಟೆಗೆ 70, ಬೈಕಿಗೆ 60 ಕಿ.ಮೀ. ಎಂದು ಕೇಂದ್ರದ 2018ರ ಅಧಿಸೂಚನೆ ಗರಿಷ್ಠ ಮಿತಿ ಹೇಳಿತ್ತು. 60ರಲ್ಲಿ ಬರುವವನು ಸೆಕೆಂಡಿಗೆ 16.7 ಮೀಟರ್ ಸಾಗುತ್ತಾನೆ. ಕಂಡದ್ದನ್ನು ಅರಿತು ಬ್ರೇಕಿಗೆ ಕಾಲು ಹೋಗಲು ನಮ್ಮ ಸಂಹಿತೆಗಳು ಹಿಡಿಯುವ ಸಮಯ 2.5 ಸೆಕೆಂಡ್, ಅಷ್ಟರಲ್ಲಿ 42 ಮೀಟರ್ ಹೋಯಿತು. ಹಿಂದೆ ಕೂತವರು ಮುಗ್ಗರಿಸದಂತೆ 60ರಿಂದ 25ಕ್ಕೆ ಇಳಿಸಲು ಇನ್ನೂ ಸುಮಾರು 58 ಮೀಟರ್. ಒಟ್ಟು 100 ಮೀಟರ್. ಹಂಪಿಗೆ 40 ಮೀಟರ್ ಮೊದಲು ಎಚ್ಚರಿಕೆ ಫಲಕ ಎಂದು ಐ.ಆರ್.ಸಿ. 99ರ ಮೊದಲ ಆವೃತ್ತಿ ಹೇಳಿತ್ತು. ಆ 40 ಮೀಟರ್ ಸಾಕಾಗುವುದು ಫಲಕವೇ ಇನ್ನೂ 60 ಮೀಟರ್ ಹಿಂದಿನಿಂದ ಸ್ಪಷ್ಟವಾಗಿ ಕಂಡರೆ ಮಾತ್ರ. ರಾತ್ರಿ ಹೊಳೆಯದ ಬೋರ್ಡ್ 20 ಮೀಟರಿಗೆ ಕಾಣುತ್ತದೆ. ಆಗ ನಿಮ್ಮ ಹಂಪ್, ಅಳತೆ ಎಷ್ಟೇ ಸರಿಯಿದ್ದರೂ, ಬೀಳಿಸುವ ಹಂಪೇ.

ಹಾಗಾಗಿ ಪ್ರತಿ ದಿಕ್ಕಿಗೂ ಎರಡು ಫಲಕ ಬೇಕು. ಮೊದಲನೆಯದು "ಶಾಲೆ" ಎಚ್ಚರಿಕೆ ಫಲಕ. ರಸ್ತೆಯ ದರ್ಜೆ ನೋಡಿ ದೂರ ಹೇಳುವ ಹಳೆಯ ಕೋಷ್ಟಕದಲ್ಲಿ ಬಯಲುಸೀಮೆಯ ಜಿಲ್ಲಾ ಮುಖ್ಯ ರಸ್ತೆಗೆ 90 ಮೀಟರ್, ಹೆದ್ದಾರಿಗೆ 120 ಮೀಟರ್ ಇದೆ. ನಿಮ್ಮ ನೇರ ರಸ್ತೆ ಕಡೆ ವೇಗ ಜಾಸ್ತಿ ಇರುವುದರಿಂದ 120 ಇಟ್ಟುಕೊಳ್ಳಿ. ಎರಡನೆಯದು ಹಂಪಿನ ಫಲಕ, 40 ಮೀಟರಿಗೆ. ತಿರುವಿನ ಕಡೆ ಶಾಲೆಯ ಫಲಕ ತಿರುವು ಮುಗಿದ ಮೇಲೆ ಬಂದರೆ ಓದಲು ಸಮಯವೇ ಸಿಗದು, ಅಲ್ಲಿ ಅದನ್ನು ತಿರುವಿಗೆ ಮೊದಲೇ ನಿಲ್ಲಿಸಿ. ತಿರುವಿನಲ್ಲಿ ನಿಲ್ಲುವ ಫಲಕದ ಮುಖ ರಸ್ತೆಗೆ ಲಂಬವಾಗಿರಬಾರದು, ಬರುವ ವಾಹನದ ಕಡೆ ತಿರುಗಿರಬೇಕು. ನೇರ ರಸ್ತೆಯಲ್ಲಾದರೆ ಲಂಬದಿಂದ ಒಂಚೂರು, ಐದು ಡಿಗ್ರಿಯಷ್ಟು, ರಸ್ತೆಯ ಹೊರಕ್ಕೆ ತಿರುಗಿಸಿ. ಇಲ್ಲದಿದ್ದರೆ ಹೆಡ್‌ಲೈಟ್ ಕನ್ನಡಿಗೆ ಬಿದ್ದ ಹಾಗೆ ಹೊಡೆದು ಚಿತ್ರ ಅಳಿಸಿಹೋಗುತ್ತದೆ.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಫಲಕದ ಹತ್ತಿರದ ಅಂಚು ಡಾಂಬರಿನಿಂದ 2ರಿಂದ 3 ಮೀಟರ್ ದೂರವಿರಬೇಕು. ಕಬ್ಬು ತುಂಬಿದ ಟ್ರೇಲರ್ ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಒಂದು ಮೀಟರಿಗೆ ನೆಟ್ಟ ಬೋರ್ಡ್ ಒಂದು ಹಂಗಾಮು ಉಳಿಯುವುದಿಲ್ಲ. ಜನ ನಡೆಯುವ ಜಾಗವಾದ್ದರಿಂದ ಕೆಳಗಿನ ಅಂಚು ನೆಲದಿಂದ 2.1 ಮೀಟರ್ ಇರಲಿ.

ಬರೆದುಕೊಡುವಾಗ ಹೀಗೆ ಬರೆಯಿರಿ: ಐ.ಆರ್.ಸಿ. 67ರ (ರಸ್ತೆ ಫಲಕಗಳ ಸಂಹಿತೆ) ಪ್ರಕಾರ 900 ಮಿ.ಮೀ. ಬದಿಯ ಸಮಬಾಹು ತ್ರಿಕೋನ, ಬಿಳಿ ನೆಲ, ಕೆಂಪು ಅಂಚು, ಕಪ್ಪು ಚಿತ್ರ. 2 ಮಿ.ಮೀ. ಅಲ್ಯೂಮಿನಿಯಂ ತಗಡು. 75 × 75 × 6 ಮಿ.ಮೀ. ಕಬ್ಬಿಣದ ಆಂಗಲ್ ಕಂಬ, ಒಟ್ಟು ಉದ್ದ 4 ಮೀಟರ್, ಅದರಲ್ಲಿ 60 ಸೆಂ.ಮೀ. ನೆಲದೊಳಗೆ. 45 × 45 × 60 ಸೆಂ.ಮೀ. ಗುಂಡಿಯಲ್ಲಿ ಎಂ 15 ಕಾಂಕ್ರೀಟ್, ಕಂಬಕ್ಕೆ ಮುಕ್ಕಾಲು ಚೀಲ ಸಿಮೆಂಟ್ ಹಿಡಿಯುತ್ತದೆ. ಕಂಬಕ್ಕೆ 25 ಸೆಂ.ಮೀ. ಅಗಲದ ಕಪ್ಪು ಬಿಳಿ ಪಟ್ಟಿ, ನೆಲಕ್ಕೆ ತಾಗುವುದು ಕಪ್ಪು. ಫಲಕದ ಬೆನ್ನಿಗೆ ಬೂದು ಬಣ್ಣ. ಕಂಬದ ಬುಡಕ್ಕೆ ಅಡ್ಡ ಒಂದು ಕಬ್ಬಿಣದ ತುಂಡು ಬೆಸುಗೆ ಹಾಕಿಸಿ, ಗಾಳಿಗೆ ಕಂಬ ಗಾರೆಯೊಳಗೇ ತಿರುಗುವುದು ತಪ್ಪುತ್ತದೆ. ನಟ್ಟು ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಬಡಿದು ಚಪ್ಪಟೆ ಮಾಡಿಸಿ, ಅಲ್ಯೂಮಿನಿಯಂ ಕಳುವಾಗುವ ವಸ್ತು.

ತ್ರಿಕೋನದ ಕೆಳಗಿನ ವಿವರ ಪಟ್ಟಿಯಲ್ಲಿ ಕನ್ನಡವನ್ನು ದೊಡ್ಡದಾಗಿ, ಚಿಕ್ಕದಾಗಿ ಬರೆಸಿ. ಚಿಕ್ಕದು ಎಂದರೆ ಮಾತು ಚಿಕ್ಕದು. 10 ಸೆಂ.ಮೀ. ಎತ್ತರದ ಅಕ್ಷರ ಓದಲು ಸಿಗುವುದು ಹೆಚ್ಚೆಂದರೆ 50 ಮೀಟರಿನಿಂದ, ಅಂದರೆ 60ರ ವೇಗದಲ್ಲಿ ಮೂರು ಸೆಕೆಂಡ್. "ಮುಂದೆ ಶಾಲೆಯಿದೆ ದಯವಿಟ್ಟು ವಾಹನಗಳನ್ನು ನಿಧಾನವಾಗಿ ಚಲಾಯಿಸಿ" ಎಂಬುದನ್ನು ಮೂರು ಸೆಕೆಂಡಿನಲ್ಲಿ ಯಾರೂ ಓದಿ ಮುಗಿಸರು. "ಶಾಲೆ" ಸಾಕು, "ನಿಧಾನ" ಸಾಕು. ಈ ಎರಡು ಪದಗಳಲ್ಲಿ ಒತ್ತಕ್ಷರವಿಲ್ಲ ಎನ್ನುವುದೂ ಅನುಕೂಲ. ಒತ್ತು ಇರುವ ಪದಕ್ಕೆ ಕೆಳಗೆ ಜಾಗ ಬಿಡಬೇಕಾಗಿ ಅದೇ ಪಟ್ಟಿಯಲ್ಲಿ ಮೂಲಾಕ್ಷರವೇ ಸಣ್ಣದಾಗುತ್ತದೆ. ತೆಳು ಗೆರೆಯ ಅಲಂಕಾರದ ಫಾಂಟ್ ಬೇಡ, ದೂರದಿಂದ ಪ, ಷ, ಸ ಒಂದೇ ತರಹ ಕಾಣುತ್ತವೆ.

ಶಾಲಾ ಸಮಿತಿ

ಇಬ್ಬರಿಗೂ ಧನ್ಯವಾದ. ಬೋರ್ಡ್ ಅಂಗಡಿಯವರು ಎರಡು ದರ ಕೊಟ್ಟಿದ್ದಾರೆ. ಒಂದು, 3 ಮಿ.ಮೀ. ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಮೇಲೆ ರೇಡಿಯಂ ಪ್ರಿಂಟ್. ಇನ್ನೊಂದು ಅಲ್ಯೂಮಿನಿಯಂ, "ಹೈ ಇಂಟೆನ್ಸಿಟಿ" ಸ್ಟಿಕ್ಕರ್, ಬೆಲೆ ಎರಡೂವರೆ ಪಟ್ಟು. ಎರಡೂ ಹೊಳೆಯುತ್ತವೆ ಅನ್ನುತ್ತಾರೆ. ವ್ಯತ್ಯಾಸ ಹೇಗೆ ತಿಳಿಯುವುದು? ಜೊತೆಗೆ "ವೇಗ ಮಿತಿ 20" ಎಂಬ ಬೋರ್ಡನ್ನೂ ಉಚಿತವಾಗಿ ಹಾಕಿಕೊಡುತ್ತಾರಂತೆ.

ಫಲಕ ಕಂಬ

ನಾವೆಲ್ಲ ರೇಡಿಯಂ ಎನ್ನುವುದು ವಾಸ್ತವದಲ್ಲಿ ಪ್ರತಿಫಲಕ ಹಾಳೆ. ಬೆಳಕು ಬಂದ ದಿಕ್ಕಿಗೇ ಅದನ್ನು ವಾಪಸ್ ಕಳಿಸುವುದು ಅದರ ಕೆಲಸ. ಎಷ್ಟು ಕಳಿಸುತ್ತದೆ ಎಂಬುದರ ಮೇಲೆ ಟೈಪ್ 1, 3, 4, 8, 9, 11 ಎಂದು ವರ್ಗಗಳಿವೆ. ಬಿಳಿ ಬಣ್ಣಕ್ಕೆ ಹೊಸದರಲ್ಲಿ ಇರಬೇಕಾದ ಕನಿಷ್ಠ ಮೌಲ್ಯ ಟೈಪ್ 1ಕ್ಕೆ 70, ಟೈಪ್ 3ಕ್ಕೆ 250, ಟೈಪ್ 4ಕ್ಕೆ 360, ಟೈಪ್ 11ಕ್ಕೆ 580. ಅಗ್ಗದ ದರದಲ್ಲಿ ನಿಮಗೆ ಸಿಗುವುದು ಟೈಪ್ 1, ಅಥವಾ ಅದಕ್ಕೂ ಕೆಳಗಿನ ಜಾಹೀರಾತಿನ ಹಾಳೆ. ಐದು ಪಟ್ಟು ಕಮ್ಮಿ ಬೆಳಕು. ನಿಮ್ಮ ರಸ್ತೆಗೆ ಟೈಪ್ 4 ಕೇಳಿ, ಹಾಳೆ ತಯಾರಕರ 7 ವರ್ಷದ ವಾರಂಟಿ ಪತ್ರದ ಪ್ರತಿ ಸಹಿತ.

ಗುರುತಿಸುವುದು ಕಷ್ಟವಲ್ಲ. ಟೈಪ್ 1ರ ಮೈ ನುಣುಪು, ಹತ್ತಿರದಿಂದ ನೋಡಿದರೂ ಯಾವ ಜಾಲರಿಯೂ ಕಾಣದು. ಟೈಪ್ 3ರಲ್ಲಿ ಜೇನುಗೂಡಿನಂತಹ ಕೋಶಗಳು. ಟೈಪ್ 4ರಂತೆ ಪ್ರಿಸಂ ಇರುವ ಹಾಳೆಗಳಲ್ಲಿ ವಜ್ರಾಕೃತಿಯ ಅಥವಾ ಚೌಕದ ಸಣ್ಣ ನಕ್ಷೆ ಎದ್ದು ಕಾಣುತ್ತದೆ. ಕತ್ತಲಾದ ಮೇಲೆ ಎರಡು ತುಂಡು ಅಕ್ಕಪಕ್ಕ ಗೋಡೆಗೆ ಅಂಟಿಸಿ, 40 ಹೆಜ್ಜೆ ಹಿಂದೆ ಬಂದು, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ, ಕಿವಿಯ ಹತ್ತಿರ ಹಿಡಿದು ನೋಡಿ. ಸೊಂಟದ ಹತ್ತಿರ ಹಿಡಿದರೆ ವ್ಯತ್ಯಾಸ ತಿಳಿಯದು, ಬೆಳಕು ಟಾರ್ಚಿಗೆ ವಾಪಸ್ಸಾಗುತ್ತದೆಯೇ ಹೊರತು ನಿಮ್ಮ ಕಣ್ಣಿಗಲ್ಲ.

"ಪ್ರಿಂಟ್" ಎಂಬ ಮಾತಿನ ಬಗ್ಗೆ ಎಚ್ಚರ. ಕೆಂಪು ಅಂಚನ್ನು ಸಾಮಾನ್ಯ ಇಂಕಿನಲ್ಲಿ ಮುದ್ರಿಸಿದರೆ ರಾತ್ರಿ ಆ ಭಾಗ ಕಪ್ಪಾಗಿ ಕಾಣುತ್ತದೆ, ಬಿಸಿಲಿಗೆ ಬೇಗ ಕಿತ್ತಳೆಗೆ ತಿರುಗುತ್ತದೆ. ಕೆಂಪು ಅಂಚು ಪಾರದರ್ಶಕ ಇಂಕಿನ ಸ್ಕ್ರೀನ್ ಪ್ರಿಂಟ್ ಅಥವಾ ಕತ್ತರಿಸಿ ಅಂಟಿಸಿದ ಬಣ್ಣದ ಫಿಲಂ ಆಗಿರಲಿ, ಕಪ್ಪು ಚಿತ್ರ ಮಾತ್ರ ಹೊಳೆಯದ ಕಪ್ಪು. ಎಸಿಪಿ ವಿಚಾರಕ್ಕೆ ಬಂದರೆ, ಅಂಗಡಿ ಮುಂಭಾಗಕ್ಕೆ ಹಾಕುವ ಹಲಗೆಯ ತಗಡು ತೀರಾ ತೆಳು, ಗಾಳಿಯ ಹೊಡೆತಕ್ಕೆ ಬೋಲ್ಟಿನ ಜಾಗದಲ್ಲಿ ಹರಿಯುತ್ತದೆ.

ಉಚಿತ "20" ಬೋರ್ಡ್ ಬೇಡ. ವೇಗ ಮಿತಿಯ ವೃತ್ತ ಆದೇಶದ ಫಲಕ, ಎಚ್ಚರಿಕೆಯದಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ ಅದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು, 116ರಂತೆ ಅಧಿಕಾರವಿದ್ದವರೇ ನಿಲ್ಲಿಸಬೇಕು. ಮಿತಿ ಬೇಕೆಂದಿದ್ದರೆ ರಸ್ತೆ ಸುರಕ್ಷತಾ ಸಮಿತಿಗೆ ಬರೆಯುವ ಪತ್ರದಲ್ಲೇ ಅಧಿಸೂಚನೆಗೂ ಕೋರಿ.

ಬಿಳಿಪಟ್ಟಿ

ನೆಲದ ಗುರುತಿನ ಬಗ್ಗೆ ಯಾರೂ ಹೇಳಿಲ್ಲ. ಜೀಬ್ರಾ ಪಟ್ಟಿಗೆ ಆಯಿಲ್ ಪೇಂಟ್ ಹೊಡೆಸಿದರೆ ಒಂದು ಮಳೆಗಾಲವನ್ನೂ ದಾಟದು, ರಾತ್ರಿ ಹೊಳೆಯುವುದೂ ಇಲ್ಲ. ಬಿಸಿ ಥರ್ಮೋಪ್ಲಾಸ್ಟಿಕ್ಕೇ (ಕಾಯಿಸಿ ಕರಗಿಸಿ ಎಳೆಯುವ ರಸ್ತೆ ಬಣ್ಣ) ಬೇಕು, ದಪ್ಪ 2.5 ಮಿ.ಮೀ.

ಅಳತೆ: 50 ಸೆಂ.ಮೀ. ಬಿಳಿ, 50 ಸೆಂ.ಮೀ. ಖಾಲಿ. ದಾಟುವ ಜಾಗದ ಅಗಲ 2ರಿಂದ 4 ಮೀಟರ್ ಇರಬಹುದು, ಶಾಲೆ ಬಿಟ್ಟಾಗ ಮಕ್ಕಳು ಒಟ್ಟಿಗೇ ನುಗ್ಗುವುದರಿಂದ ನಿಮಗೆ 3 ಮೀಟರಿಗಿಂತ ಕಮ್ಮಿ ಬೇಡ. 7 ಮೀಟರ್ ರಸ್ತೆಗೆ ಏಳು ಪಟ್ಟಿ, ಎರಡೂ ಅಂಚಿಗೆ ಕಾಲು ಕಾಲು ಮೀಟರ್ ಉಳಿಯುತ್ತದೆ. ವಿಸ್ತೀರ್ಣ 10.5 ಚದರ ಮೀಟರ್. ಚದರ ಮೀಟರಿಗೆ ಸುಮಾರು 5 ಕೆ.ಜಿ. ಮಾಲು ಹಿಡಿಯುತ್ತದೆ, ಅಂದರೆ 25 ಕೆ.ಜಿ.ಯ ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಚೀಲ ಖಾಲಿಯಾಗಿದ್ದರೆ ದಪ್ಪ ಅರ್ಧವೇ ಬಿದ್ದಿದೆ ಎಂದು ಅರ್ಥ. ಖಾಲಿ ಚೀಲ ಎಣಿಸುವುದು ಸಮಿತಿಯವರು ಮಾಡಬಹುದಾದ ಅತ್ಯಂತ ಸುಲಭದ ತಪಾಸಣೆ. ದಪ್ಪ ನೋಡಲು ಪಟ್ಟಿ ಎಳೆಯುವ ದಾರಿಯಲ್ಲಿ ಒಂದು ತಗಡಿನ ಚೂರು ಇಟ್ಟು, ಆರಿದ ಮೇಲೆ ಎತ್ತಿ ಕ್ಯಾಲಿಪರ್‌ನಲ್ಲಿ ಅಳೆಯಿರಿ.

ರಾತ್ರಿ ಹೊಳಪು ಕೊಡುವುದು ಗಾಜಿನ ಮಣಿ. ಮಾಲಿನೊಳಗೇ ಒಂದಷ್ಟು ಬೆರೆತಿರುತ್ತವೆ, ಆದರೆ ಅವು ಹೊರಗೆ ಬರುವುದು ಮೇಲ್ಪದರ ಸವೆದ ಮೇಲೆ. ಮೊದಲ ದಿನದಿಂದ ಹೊಳೆಯಬೇಕಾದರೆ ಎಳೆದ ಕೂಡಲೇ ಚದರ ಮೀಟರಿಗೆ 250 ಗ್ರಾಂ ಮೇಲಿಂದ ಉದುರಿಸಬೇಕು. ನಿಮ್ಮ ಪಟ್ಟಿಗೆ 2.6 ಕೆ.ಜಿ. ಇದರಲ್ಲೇ ಕೆಲಸ ಕೆಡುವುದು ಜಾಸ್ತಿ. ಮಾಲು ತೀರಾ ಬಿಸಿಯಿದ್ದಾಗ ಉದುರಿಸಿದರೆ ಮಣಿ ಪೂರ್ತಿ ಮುಳುಗುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಮೇಲೆ ಕೂತು ಮರುದಿನ ಗುಡಿಸಿಕೊಂಡು ಹೋಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಳುಗಿ, ಉಳಿದದ್ದು ಹೊರಗಿರಬೇಕು. ಬೊಗಸೆಯಲ್ಲಿ ಎರಚುವುದನ್ನು ಒಪ್ಪಬೇಡಿ, ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಬೋಳು. ಯಂತ್ರದ ಹಿಂದೆಯೇ ಮಣಿಯ ಪೆಟ್ಟಿಗೆ ಇರುತ್ತದೆ, ಅದು ತೆರೆದಿದೆಯೇ ನೋಡಿ.

ಮಾಲು ಕಾಯಬೇಕಾದ್ದು 180ರಿಂದ 200 ಡಿಗ್ರಿ ಸೆಲ್ಸಿಯಸ್. ಬಾಯ್ಲರಿನ ಥರ್ಮಾಮೀಟರ್ ಕೆಟ್ಟಿದ್ದು "ಅಂದಾಜಿಗೆ" ಕಾಯಿಸಿದರೆ ಬಿಳಿ ಹೋಗಿ ಕಂದು ಛಾಯೆ ಬರುತ್ತದೆ. ಕಮ್ಮಿ ಕಾದಿದ್ದರೆ ಡಾಂಬರಿಗೆ ಹಿಡಿಯದೆ ಹಪ್ಪಳದಂತೆ ಏಳುತ್ತದೆ. ನೆಲ ಒದ್ದೆಯಿದ್ದರೆ ಆವಿ ಎದ್ದು ಗುಳ್ಳೆ, ಸೂಜಿತೂತು. ಸಂಶಯವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ರಸ್ತೆ ಮೇಲೆ ಹಾಸಿ ಅಂಚಿಗೆ ಟೇಪ್ ಹಚ್ಚಿ, ಕಾಲು ಗಂಟೆ ಬಿಟ್ಟು ಎತ್ತಿ. ಒಳಗೆ ಬೆವರಿದ್ದರೆ ಆ ಹೊತ್ತಿಗೆ ಕೆಲಸ ಬೇಡ. ನಿಮ್ಮ ರಸ್ತೆ ಡಾಂಬರು, ಹಾಗಾಗಿ ಚೆನ್ನಾಗಿ ಗುಡಿಸಿದರೆ ಸಾಕು. ಕಾಂಕ್ರೀಟ್ ಆಗಿದ್ದರೆ ಪ್ರೈಮರ್ ಇಲ್ಲದೆ ಎಳೆಯಲೇಬಾರದು.

ಹಂಪಿನ ಮೇಲೂ ಇದೇ ಮಾಲಿನಲ್ಲಿ ಕಪ್ಪು-ಬಿಳಿ ಚೌಕುಳಿ ಹಾಕಿಸಿ. ಕಪ್ಪು ಬೇರೆ ಬಣ್ಣ ಬೇಡ, ಡಾಂಬರೇ ಕಪ್ಪು. ಜೀಬ್ರಾಕ್ಕೆ 2ರಿಂದ 3 ಮೀಟರ್ ಮೊದಲು ನಿಲುಗಡೆ ಗೆರೆ ಇರಲಿ, ಇಲ್ಲದಿದ್ದರೆ ಬಸ್ಸು ಪಟ್ಟಿಯ ಮೇಲೇ ನಿಂತು ಅದರ ಮರೆಯಿಂದ ಮಗು ಹೊರಗೆ ಬರುತ್ತದೆ.

ಕೆಂಪು ಮಿಟುಕು ದೀಪದ ಬಗ್ಗೆ ನಿಮ್ಮ ಮೊದಲ ಪ್ರಶ್ನೆಗೆ: ಬೇಡ, ಹಳದಿ ಹಾಕಿಸಿ. ಮಿಟುಕುವ ಕೆಂಪು ಎಂದರೆ "ಪೂರ್ತಿ ನಿಂತು, ನೋಡಿ ಹೋಗು". ಮಿಟುಕುವ ಹಳದಿ ಎಂದರೆ "ಎಚ್ಚರದಿಂದ ಹೋಗು". ನಡುರಸ್ತೆಯಲ್ಲಿ ದಿನಪೂರ್ತಿ ಮಿಟುಕುವ ಕೆಂಪಿಗೆ ಯಾರೂ ನಿಲ್ಲುವುದಿಲ್ಲ, ಆಮೇಲೆ ನಿಲ್ಲಲೇಬೇಕಾದ ಕಡೆಯೂ ಅದಕ್ಕೆ ಬೆಲೆ ಇರುವುದಿಲ್ಲ. ಹಳದಿಯನ್ನೂ ಟೈಮರ್ ಇಟ್ಟು ಶಾಲೆ ಸೇರುವ, ಬಿಡುವ ಹೊತ್ತಿಗೆ ಮಾತ್ರ ಉರಿಸಿ. ಸೋಲಾರ್ ಹಲಗೆ ದಕ್ಷಿಣಕ್ಕೆ ಮುಖ ಮಾಡಿರಲಿ, ಮರದ ನೆರಳು ತಪ್ಪಿಸಿ.

ಡಾಂಬರು ಮಟ್ಟ

ಮಿಟುಕು ದೀಪದ ಮಾತು ಒಪ್ಪಿದೆ. ಒಂದು ಸೇರ್ಪಡೆ: ಹಂಪ್ ಮತ್ತು ಜೀಬ್ರಾ ಬೇರೆ ಬೇರೆ ಮಾಡುವ ಬದಲು ಎರಡನ್ನೂ ಒಂದೇ ಮಾಡಲು ಇಂಜಿನಿಯರನ್ನು ಕೇಳಿ. ಮೇಲ್ಭಾಗ 3 ಮೀಟರ್ ಚಪ್ಪಟೆ, ಎತ್ತರ 10 ಸೆಂ.ಮೀ., ಎರಡೂ ಕಡೆ 2 ಮೀಟರಿನ ಇಳಿಜಾರು, ಚಪ್ಪಟೆಯ ಮೇಲೆ ಜೀಬ್ರಾ. ಮಗು ಎತ್ತರದಲ್ಲಿ ನಡೆಯುವುದರಿಂದ ಚಾಲಕನಿಗೆ ಬೇಗ ಕಾಣುತ್ತದೆ. ಮಾಲು ಹೆಚ್ಚು ಹಿಡಿಯುತ್ತದೆ, 3.5 ಘನ ಮೀಟರ್. ಆದರೆ ಇದನ್ನು ಗೇಟಿಗೆ ನೇರ ಎದುರು ಬೇಡ, ಏಳೆಂಟು ಮೀಟರ್ ಪಕ್ಕಕ್ಕೆ ಸರಿಸಿ, ಗೇಟಿನಿಂದ ಅಲ್ಲಿಯವರೆಗೆ ಬೇಲಿ ಹಾಕಿ. ಗೇಟಿನಿಂದ ಓಡಿ ಬಂದ ಮಗು ನೇರ ರಸ್ತೆಗೆ ನುಗ್ಗದೆ ತಿರುಗಿಕೊಂಡು ಬರಬೇಕು, ಅಷ್ಟರಲ್ಲಿ ಓಟ ನಡಿಗೆಯಾಗಿರುತ್ತದೆ.

ಶಾಲಾ ಸಮಿತಿ

ಅರ್ಜಿ ಈ ವಾರವೇ ಕೊಡುತ್ತೇವೆ. ಒಪ್ಪಿಗೆ ಬರುವುದರೊಳಗೆ ಮಳೆ ಶುರುವಾದರೆ?

ಫಲಕ ಕಂಬ

ಫಲಕಕ್ಕೆ ಮಳೆಯ ಹಂಗಿಲ್ಲ, ಒಪ್ಪಿಗೆ ಸಿಕ್ಕ ದಿನವೇ ನಿಲ್ಲಿಸಬಹುದು. ಥರ್ಮೋಪ್ಲಾಸ್ಟಿಕ್ ಮಾತ್ರ ಮಳೆ ನಿಂತು ರಸ್ತೆ ಒಣಗುವವರೆಗೆ ಕಾಯಬೇಕು. ಅರ್ಜಿಯಲ್ಲಿ ಇದನ್ನು ಎರಡು ಭಾಗ ಮಾಡಿ ಬರೆಯಿರಿ: ಹಳೆಯ ಉಬ್ಬು ಕೆತ್ತಿ ತೆಗೆಯುವುದು, ನಾಲ್ಕು ಕಂಬ ಮತ್ತು ಶಾಲೆಯ ಎರಡು ಫಲಕ ತಕ್ಷಣ, ಹೊಸ ಹಂಪ್ ಮತ್ತು ಪಟ್ಟಿ ಮಳೆಗಾಲದ ನಂತರ. ಹಂಪಿನ ಎರಡು ಫಲಕಗಳಿಗೆ ಈಗ ಕಂಬ ಮಾತ್ರ ನೆಟ್ಟು, ಫಲಕವನ್ನು ಹಂಪ್ ಆಗುವವರೆಗೆ ಕಟ್ಟಬೇಡಿ. ಇಲ್ಲದ ಉಬ್ಬಿಗೆ ಬೋರ್ಡ್ ನೋಡಿ ನೋಡಿ ಅಭ್ಯಾಸವಾದ ಚಾಲಕ, ಉಬ್ಬು ಬಂದ ದಿನವೂ ಅದನ್ನು ನಂಬುವುದಿಲ್ಲ.